ಹೆಡ್‌ಸೆಟ್ ಆಮೇಲೆ, ಮೊದಲು ಅಳತೆಪಟ್ಟಿ

ಶಿವಮೊಗ್ಗದ ಸಾಗರದಿಂದ ತಂಗಿಯೊಬ್ಬಳು ಕೇಳಿದ್ದಾಳೆ: "ಅಣ್ಣಾ, ಮುಳುಗಿದ ಹಡಗುಗಳ ಪುರಾತತ್ವ ಓದಲು ಮಾಲ್ಟಾಕ್ಕೆ ಬರ್ತಿದ್ದೇನೆ. ಕಣ್ಣಿಗೆ ಕಟ್ಟಿಕೊಂಡು ಕಂಪ್ಯೂಟರಿನ ಜಗತ್ತು ನೋಡುವ ವಿಆರ್ ಹೆಡ್‌ಸೆಟ್ ಇಲ್ಲಿಂದಲೇ ತರಲಾ? ಡೈವಿಂಗ್ ಬರಲೇಬೇಕಾ? ಊಟ, ರೂಮು ಹೇಗೆ?"

ಊಟದ್ದು ಮೊದಲು ಮುಗಿಸಿಬಿಡುತ್ತೇನೆ. ಅಕ್ಕಿ, ಬೇಳೆ ಸಿಗುತ್ತವೆ. ಅಪ್ಪೆಮಿಡಿ ಹೇಗೆ ಕಟ್ಟಬೇಕೆಂದು ನಿನ್ನ ಅಮ್ಮನಿಗೆ ನಾನು ಹೇಳಬೇಕಿಲ್ಲ. ತುಪ್ಪ ಮಾತ್ರ ಬೇಡ, ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಬಿಡುವುದಿಲ್ಲ. ರೂಮು ಬಂದು ಕಣ್ಣಾರೆ ನೋಡಿಯೇ ಹಿಡಿ. ಚಳಿಗಾಲದಲ್ಲಿ ಸುಣ್ಣಕಲ್ಲಿನ ಗೋಡೆಗೆ ಥಂಡಿ ಏರುತ್ತದೆ. ಆಷಾಢದ ಬೂಷ್ಟು ಕಂಡವಳಿಗೆ ಅದೇನು ದೊಡ್ಡದಲ್ಲ.

ಡೈವಿಂಗ್ ಬಂದರೆ ಒಳ್ಳೆಯದು, ಬರದಿದ್ದರೂ ಕೆಲಸವಿದೆ. ಡೈವಿಂಗಿನ ಮೊದಲ ಮೆಟ್ಟಿಲಾದ ಓಪನ್ ವಾಟರ್ ಸರ್ಟಿಫಿಕೇಟಿನ ಮಿತಿ 18 ಮೀಟರ್. ಮಾಲ್ಟಾದ ಗೊಝೊ ದ್ವೀಪದ ಶ್ಲೆಂಡಿ ಹತ್ತಿರ, ಪ್ರಾಚೀನ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಹಡಗು ಬಿದ್ದಿರುವುದು ಸುಮಾರು 110 ಮೀಟರ್ ಆಳದಲ್ಲಿ. ಹೀಲಿಯಂ ಬೆರೆತ ಗಾಳಿ ಉಸಿರಾಡಿ ಇಳಿಯುವವರಿಗೂ ತಳದಲ್ಲಿ ಸಿಗುವುದು ಕೆಲವೇ ನಿಮಿಷ, ಮೇಲೇಳುವುದಕ್ಕೆ ಗಂಟೆಗಟ್ಟಲೆ. ಹಾಗಾಗಿ ವಿಆರ್ ಇಲ್ಲಿ ಷೋಕಿಯಲ್ಲ. ಅವರು ತಂದ ಫೋಟೋಗಳಿಂದ ಕಟ್ಟಿದ ಮಾದರಿಯಲ್ಲೇ ಉಳಿದವರು ಜಾಡಿ, ಬೀಸುವ ಕಲ್ಲುಗಳ ಸುತ್ತ ನಿಧಾನವಾಗಿ ಓಡಾಡಿ ನೋಡುವುದು.

ಕಷ್ಟವಿರುವುದು ಆ ಮಾದರಿ ಕಟ್ಟುವುದರಲ್ಲೇ. ನಾನು ಬಂದಿಳಿದಾಗ ಪೆಟ್ಟಿಗೆಯಲ್ಲಿದ್ದದ್ದು ಹೆಡ್‌ಸೆಟ್, ಇರಬೇಕಾಗಿದ್ದದ್ದು ಅಳತೆಪಟ್ಟಿ. ಫೋಟೋಗಳನ್ನು ಹೊಂದಿಸಿ ಮೂರು ಆಯಾಮದ ಮಾದರಿ ಕಟ್ಟುವ ಫೋಟೋಗ್ರಾಮೆಟ್ರಿಯ ಸಾಫ್ಟ್‌ವೇರ್ ಆಕಾರ ಕೊಡುತ್ತದೆ, ಅಳತೆ ಕೊಡುವುದಿಲ್ಲ. ಒಂದು ಮೀಟರಿನ ಪಟ್ಟಿ ಕನಿಷ್ಠ ಮೂರ್ನಾಲ್ಕು ಬೇಕು. ಎಲ್ಲವನ್ನೂ ಒಂದೇ ಮೂಲೆಯಲ್ಲಿ, ಒಂದೇ ದಿಕ್ಕಿಗೆ ಇಟ್ಟರೆ ಇಟ್ಟೂ ದಂಡ. ಅಲುಗದ ಕಡೆ ಗುರುತುಬಿಲ್ಲೆ ಕೂರಿಸಿ, ಒಂದರಿಂದ ಒಂದಕ್ಕೆ ಟೇಪು ಹಿಡಿದು ಅಳೆ, ಪ್ರತಿಯೊಂದರ ಆಳ ಬರೆದುಕೋ.

ಫೋಟೋಗಳು ಸಾಲಿನುದ್ದಕ್ಕೆ ಶೇ. 80, ಪಕ್ಕದ ಸಾಲಿಗೆ ಶೇ. 60 ಒಂದರ ಮೇಲೊಂದು ಬರಲಿ. ಬರೀ ನೇರ ಕೆಳಗೆ ನೋಡಿ ಉದ್ದುದ್ದ ತೆಗೆದರೆ ಚಪ್ಪಟೆ ತಳವೂ ಮಾದರಿಯಲ್ಲಿ ದೋಣಿಯ ಹಾಗೆ ಬಾಗುತ್ತದೆ. ನೋಡಲು ಎಷ್ಟು ಚಂದವಿರುತ್ತದೆಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ! ಅಡ್ಡಸಾಲು ಹೊಡೆ, 45 ಡಿಗ್ರಿ ಓರೆಯಲ್ಲೂ ತೆಗೆ. ಚಪ್ಪಟೆ ಗಾಜಿನ ಕವಚದ ಹಿಂದೆ ನೀರು ವಸ್ತುವನ್ನು ಸುಮಾರು 1.33 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಆದ್ದರಿಂದ ಲೆನ್ಸನ್ನು ನೀರೊಳಗೇ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಅದರ ಸೊಟ್ಟನ್ನು ಅಳೆದು ಸರಿಹೊಂದಿಸಬೇಕು. ಕೆಂಪು ಬಣ್ಣ ಮೊದಲ ಹತ್ತು ಮೀಟರಿನೊಳಗೇ ಬಹುಪಾಲು ಸತ್ತುಹೋಗುತ್ತದೆ. ಫ್ಲ್ಯಾಷುಗಳನ್ನು ಕ್ಯಾಮೆರಾದಿಂದ ಆಚೀಚೆ ದೂರ ಚಾಚು, ಇಲ್ಲದಿದ್ದರೆ ನೀರಿನ ಕಸವೆಲ್ಲ ಹಿಮ ಸುರಿದ ಹಾಗೆ ಹೊಳೆಯುತ್ತದೆ.

ಹೆಡ್‌ಸೆಟ್ಟಿಗೆ ಹಾಕುವಾಗ ಮಾದರಿಯ ಮೈಯನ್ನು ಹೆಣೆದ ಕೋಟಿಗಟ್ಟಲೆ ತ್ರಿಕೋನಗಳನ್ನು ಕೆಲವು ಲಕ್ಷಕ್ಕೆ ಇಳಿಸಬೇಕು. ಸೆಕೆಂಡಿಗೆ 72 ಚಿತ್ರಕ್ಕಿಂತ ಕೆಳಗೆ ಬಂದರೆ ಆಗುಂಬೆ ಘಾಟಿಯ ಬಸ್ಸೇ, ತಲೆ ತಿರುಗುತ್ತದೆ. ಮಾದರಿಯನ್ನು ಹೆಡ್‌ಸೆಟ್ಟಿನಲ್ಲಿ ಓಡಿಸುವ ಸಾಫ್ಟ್‌ವೇರುಗಳಲ್ಲಿ, ಯೂನಿಟಿಯಲ್ಲಿ ಒಂದು ಮಾನವೆಂದರೆ ಮೀಟರು, ಅನ್‌ರಿಯಲ್‌ನಲ್ಲಿ ಸೆಂಟಿಮೀಟರು. ಮರೆತರೆ ಮೀಟರೆತ್ತರದ ಜಾಡಿ ಅಡಿಕೆಗಿಂತ ಚಿಕ್ಕದಾಗುತ್ತದೆ. ಕಂಡದ್ದಕ್ಕೊಂದು ಬಣ್ಣ, ಊಹಿಸಿ ಸೇರಿಸಿದ ಮರಮುಟ್ಟಿಗೆ ಬೇರೆ ಬಣ್ಣ. ಇದರಲ್ಲಿ ರಾಜಿ ಬೇಡ.

ಎದುರಿನ ನಿಜ ದೃಶ್ಯದ ಮೇಲೇ ಕಂಪ್ಯೂಟರಿನ ಚಿತ್ರ ಕೂರಿಸುವ ಎಆರ್ ನೀರೊಳಗೆ ಬೇರೆಯೇ ಕಥೆ. ಇಟಲಿಯ ಬಾಯಾದಲ್ಲಿ ನೆಲ ಕುಸಿದು ಮುಳುಗಿದ ರೋಮನ್ ಮನೆಗಳ ಮೇಲೆ ಟ್ಯಾಬ್ಲೆಟ್ ಹಿಡಿದು ಹಳೆಯ ಗೋಡೆ ಕಾಣಿಸುವ ಪ್ರಯೋಗವಾಗಿದೆ. ನೀರಿನಡಿ ಜಿಪಿಎಸ್ ಸಿಗದು, ಶಬ್ದದ ಅಲೆಯಿಂದ ಜಾಗ ಹಿಡಿಯಬೇಕು. ನೀರು ಸ್ವಲ್ಪ ಕದಡಿದರೂ ಕ್ಯಾಮೆರಾಕ್ಕೆ ಗುರುತು ತಪ್ಪಿ ಗೋಡೆ ತೇಲಾಡುತ್ತದೆ.

ಹೆಡ್‌ಸೆಟ್ ಈಗ ಬೇಡ. ಹೊರಡುವ ಮುಂಚೆ, ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿರುವ ಮಡೆನೂರಿನ ಹಳೆಯ ಅಣೆಕಟ್ಟೆಗೆ ಹೋಗಿ ಬಾ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯ ಮನೆ, ಜಗಲಿ, ಕಟ್ಟೆಗಳನ್ನು ಹೀಗೆ ಅಳೆದಿಡುವ ಉಪಾಯ ಯಾರ ಕೈಯಲ್ಲೂ ಇರಲಿಲ್ಲ. ಫಿನೀಷಿಯನ್ನರ ಹಡಗಿನಲ್ಲಿ ಓಡಾಡುವ ನನಗೆ ಹಿನ್ನೀರಿನಡಿಯ ಒಂದು ಅಂಗಳಕ್ಕೂ ಕಾಲಿಡಲಾಗುವುದಿಲ್ಲ, ಅದು ಚುಚ್ಚುತ್ತಲೇ ಇರುತ್ತದೆ. ನೀರಿಳಿದ ಬೇಸಿಗೆಯಲ್ಲಿ ಮಡೆನೂರಿನ ಆ ಅಣೆಕಟ್ಟೆ ಮೇಲೆ ಬರುತ್ತದೆ. ಅನುಮತಿ ಕೇಳಿಕೊಂಡು, ಮೀಟರು ಗುರುತು ಹಾಕಿದ ಬಿದಿರುಕೋಲುಗಳನ್ನು ಕಟ್ಟೆಯ ಬುಡಕ್ಕೆ ನಾಲ್ಕು ಕಡೆ ಇಟ್ಟು ಮೊಬೈಲಿನಲ್ಲೇ ತೆಗೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ತೆಗೆ, ನೆರಳು ಸರಿದರೆ ಫೋಟೋಗಳು ಒಂದಕ್ಕೊಂದು ಕೂಡುವುದಿಲ್ಲ. ಮುಗಿದ ಮೇಲೆ ನನಗೂ ಒಂದು ಪ್ರತಿ ಕಳಿಸು.