ಎಚ್ಚರಿಕೆ ಕೊಟ್ಟವರು ಲೆಕ್ಕವನ್ನೂ ಒಪ್ಪಿಸಲಿ

ತೀರ್ಥಹಳ್ಳಿ ತಾಲ್ಲೂಕಿನ ನಿವೃತ್ತ ಹೈಸ್ಕೂಲ್ ಶಿಕ್ಷಕರೊಬ್ಬರು ತಮ್ಮ ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ಬರೆದ ಪತ್ರದ ಮುಖ್ಯ ಭಾಗ ಇದು:

"ಮಂಗಳೂರಿನ ಕುಕ್ಕರ್ ಸ್ಫೋಟ, ಬೆಂಗಳೂರಿನ ರಾಮೇಶ್ವರಂ ಕೆಫೆ ಸ್ಫೋಟ, ಎರಡರಲ್ಲೂ ನಮ್ಮ ಊರಿನ ಹೆಸರು ಬಂತು. ಇಷ್ಟಾದ ಮೇಲೂ ಯುವಕರು ಉಗ್ರವಾದದ ಕಡೆ ವಾಲುತ್ತಿದ್ದಾರೆಂದು ಸರ್ಕಾರ ಎಚ್ಚರಿಸಿದರೆ ಇಲ್ಲಿನ ಹೋಟೆಲಿನಲ್ಲಿ ಕುಳಿತವರು 'ಎಲೆಕ್ಷನ್ ಹತ್ರ ಬಂತು ಅಂತ ಕಾಣ್ತದೆ' ಎಂದು ನಗುತ್ತಾರೆ. ಅಮೆರಿಕದಲ್ಲಿರುವ ನನ್ನ ಮಗ ಅಲ್ಲಿಯೂ ಇದೇ ಕಥೆ ಎನ್ನುತ್ತಾನೆ. ಜನ ಹೀಗೆ ಉಡಾಫೆ ಮಾಡಿದರೆ ದೇಶ ಉಳಿಯುವುದು ಹೇಗೆ? ದಾರಿ ತಪ್ಪುತ್ತಿರುವ ಮಕ್ಕಳನ್ನು ಗುರುತಿಸುವ ಲಕ್ಷಣಗಳ ಪಟ್ಟಿಯೊಂದನ್ನು ಲಗತ್ತಿಸಿದ್ದೇನೆ. ಚೌಕಟ್ಟು ಹಾಕಿ ಪ್ರಕಟಿಸಿ. ಸರ್ಕಾರವನ್ನು ನಂಬುವಂತೆ ಓದುಗರಿಗೆ ತಿಳಿಹೇಳಿ."

ಸಂಪಾದಕರ ಉತ್ತರ:

ಮೇಷ್ಟ್ರೇ, ನಿವೃತ್ತಿಯಾದ ಮೇಲೂ ಊರಿನ ಹುಡುಗರ ಚಿಂತೆಯನ್ನು ಬಿಡದ ನಿಮ್ಮಂಥ ಶಿಕ್ಷಕರು ಈಗ ಅಪರೂಪ. ನಿಮ್ಮ ಕಳವಳ ಪ್ರಾಮಾಣಿಕವಾದದ್ದು, ಅದಕ್ಕೆ ಆಧಾರವೂ ಇದೆ. 2022ರ ನವೆಂಬರ್ 19ರ ಸಂಜೆ ಮಂಗಳೂರಿನ ರಸ್ತೆಯಲ್ಲಿ ಸಾಗುತ್ತಿದ್ದ ಆಟೊರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸಿಡಿದಾಗ, ಬಾಡಿಗೆಗೆ ಬಂದ ಚಾಲಕ ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. 2024ರ ಮಾರ್ಚ್ 1ರಂದು ಬೆಂಗಳೂರಿನ ಕೆಫೆಯಲ್ಲಿ ಗಾಯಗೊಂಡವರು ಊಟದ ಹೊತ್ತಿಗೆ ಹಸಿದು ಬಂದವರು. ಇವೆಲ್ಲ ನಾಟಕ ಎನ್ನುವವರು ಆ ಚಾಲಕರ ಮನೆಯವರ ಮುಂದೆ ನಿಂತು ಅದನ್ನು ಹೇಳಲಾರರು. ಅಲ್ಲಿಯವರೆಗೆ ನಾನು ನಿಮ್ಮ ಪಕ್ಷದಲ್ಲಿದ್ದೇನೆ.

ಆದರೆ ಹೋಟೆಲಿನಲ್ಲಿ ನಕ್ಕವರನ್ನು ನೀವು ಉಡಾಫೆಯವರೆಂದು ಕರೆದದ್ದನ್ನು ಒಪ್ಪಲಾರೆ. ಆ ನಗುವಿನ ಹಿಂದೆ ನೆನಪಿದೆ. ಮಲೆನಾಡಿನ ಜನ ಎಚ್ಚರಿಕೆಗಳನ್ನು ಕೇಳಿದ್ದು ಇದೇ ಮೊದಲಲ್ಲ. ಪ್ರತಿ ಬಾರಿಯೂ ಕೇಳಿದ್ದಾರೆ, ಪ್ರತಿ ಬಾರಿಯೂ ಅದರ ಮುಂದಿನ ಕಥೆ ಏನಾಯಿತೆಂದು ಯಾರೂ ಬಂದು ಹೇಳದೆ ಹೋಗಿದ್ದನ್ನೂ ಕಂಡಿದ್ದಾರೆ.

ಕುಕ್ಕರ್ ಪ್ರಕರಣವನ್ನೇ ತೆಗೆದುಕೊಳ್ಳಿ. ಅದರ ಆರೋಪಿ 2020ರಲ್ಲೇ ಮಂಗಳೂರಿನಲ್ಲಿ ಉಗ್ರ ಸಂಘಟನೆಯ ಪರ ಗೋಡೆಬರಹದ ಪ್ರಕರಣದಲ್ಲಿ ಬಂಧಿತನಾಗಿ ಜಾಮೀನಿನ ಮೇಲೆ ಹೊರಬಂದಿದ್ದವನು, 2022ರ ಸೆಪ್ಟೆಂಬರ್‌ನ ಶಿವಮೊಗ್ಗದ ಉಗ್ರ ಸಂಚಿನ ಪ್ರಕರಣದಲ್ಲಿ ಪೊಲೀಸರು ಹುಡುಕುತ್ತಿದ್ದವನು. ಬೇರೊಬ್ಬರ ಆಧಾರ್ ಕಾರ್ಡ್ ಇಟ್ಟುಕೊಂಡು ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದನೆಂದು ಸ್ಫೋಟದ ನಂತರ ಹೇಳಿದವರು ಪೊಲೀಸರೇ. ಅಂದಮೇಲೆ ತೀರ್ಥಹಳ್ಳಿಯ ಹೋಟೆಲಿನವರು ಎಚ್ಚರಿಕೆಯನ್ನು ನಂಬಿದ್ದರೆ ಯಾವ ಅನಾಹುತ ತಪ್ಪುತ್ತಿತ್ತು ಎಂದು ನಾನು ನಿಮ್ಮನ್ನು ಕೇಳಬೇಕಾಗುತ್ತದೆ. ಎಚ್ಚರಿಕೆಯನ್ನು ಎಲ್ಲರಿಗಿಂತ ಗಂಭೀರವಾಗಿ ತೆಗೆದುಕೊಳ್ಳಬೇಕಿದ್ದವರು ಅದನ್ನು ಕೊಟ್ಟವರೇ ಅಲ್ಲವೇ? ಆ ಎರಡು ತಿಂಗಳಲ್ಲಿ ಎಲ್ಲಿ ಎಡವಟ್ಟಾಯಿತೆಂದು ಸರ್ಕಾರ ಜನರ ಮುಂದೆ ಒಂದು ವರದಿ ಇಟ್ಟಿದ್ದರೆ, ಮುಂದಿನ ಎಚ್ಚರಿಕೆಗೆ ಕಿವಿಗೊಡುವವರ ಸಂಖ್ಯೆ ಖಂಡಿತ ಹೆಚ್ಚುತ್ತಿತ್ತು. ಅದರ ಬದಲು ಜನ ಕೇಳಿದ್ದು ರಾಜಕೀಯದ ಮಾತು. ಆಗ ಕೆಪಿಸಿಸಿ ಅಧ್ಯಕ್ಷರಾಗಿದ್ದ ಡಿ.ಕೆ. ಶಿವಕುಮಾರ್ ಅವರು, ಮತದಾರರ ಮಾಹಿತಿ ಕಳವಿನ ಹಗರಣದಿಂದ ಗಮನ ಬೇರೆಡೆ ಸೆಳೆಯಲು ಈ ಪ್ರಕರಣವನ್ನು ಬಳಸಿಕೊಳ್ಳಲಾಯಿತೆಂಬ ಅರ್ಥದಲ್ಲಿ ಮಾತನಾಡಿದರು. ಆಡಳಿತ ಪಕ್ಷದವರು ಅವರ ಮೇಲೆ ಮುಗಿಬಿದ್ದರು. ಮುಂದೆ ಸರ್ಕಾರ ಬದಲಾಯಿತು, ಕುರ್ಚಿಗಳೂ ಬದಲಾದವು. ನಾಯಕರೇ ತಮ್ಮ ಅನುಕೂಲ ನೋಡಿಕೊಂಡು ನಂಬುವಾಗ, ಹೋಟೆಲಿನಲ್ಲಿ ಕುಳಿತವನು ಮಾತ್ರ ಸದಾಕಾಲ ನಂಬಬೇಕೆಂದು ಹೇಳುವ ಧೈರ್ಯ ನನಗಿಲ್ಲ.

ಇನ್ನೂ ಹಿಂದೆ ಹೋಗೋಣ. ತುರ್ತು ಪರಿಸ್ಥಿತಿಯ ಕಾಲದಲ್ಲಿ ದೇಶದ ಭದ್ರತೆಗೆ ಅಪಾಯವೆಂದು ಜೈಲಿಗೆ ಹಾಕಿದವರ ಪೈಕಿ ಆಗಿನ ನಮ್ಮ ಜಿಲ್ಲೆಯ ಸಮಾಜವಾದಿ ಜೆ.ಎಚ್. ಪಟೇಲರೂ ಇದ್ದರು, ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರೂ ಇದ್ದರು. ಇಬ್ಬರೂ ಮುಂದೆ ಇದೇ ರಾಜ್ಯದ ಮುಖ್ಯಮಂತ್ರಿಗಳಾದರು. ಎಡವೂ ಬಲವೂ ಒಂದೇ ಕಂಬಿಯ ಹಿಂದೆ ಕುಳಿತದ್ದನ್ನು ಕಂಡ ಜಿಲ್ಲೆ ಇದು. ಆ ಅತಿರೇಕಗಳ ಬಗ್ಗೆ ಶಾ ಆಯೋಗ 1978ರಲ್ಲಿ ವರದಿ ಕೊಟ್ಟಿತೆಂಬುದು ನಿಜ. ಆದರೆ ಸರ್ಕಾರವೊಂದು ತನ್ನ ಹಿಂದಿನವರ ಎಚ್ಚರಿಕೆಗಳ ಲೆಕ್ಕವನ್ನು ಅಷ್ಟು ವಿಸ್ತಾರವಾಗಿ ಜನರೆದುರು ಬಿಚ್ಚಿಟ್ಟ ಇನ್ನೊಂದು ಉದಾಹರಣೆಯನ್ನು ಹುಡುಕಬೇಕಾಗುತ್ತದೆ.

ನಕ್ಸಲ್ ವರ್ಷಗಳು ನಿಮಗೆ ಚೆನ್ನಾಗಿ ನೆನಪಿರಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ ಕಾಡಂಚಿನ ಮನೆಗಳಲ್ಲಿ ಹರಡಿದ್ದ ಕಾಲದಲ್ಲಿ ಬಂದೂಕು ಈ ಬೆಟ್ಟಗಳಿಗೆ ಬಂತು. 2003ರಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರುವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು, ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸರನ್ನು ಕೊಂದರು. ಆ ದಿನಗಳಲ್ಲಿ ಆಗುಂಬೆಯ ಕಡೆಯ ಒಂದು ಹಳ್ಳಿಯಲ್ಲಿ ನಾನು ಕಂಡದ್ದು ಇದು: ಕಿರಾಣಿ ಅಂಗಡಿಯಾತ ಯಾರು ಎಷ್ಟು ಅಕ್ಕಿ, ಎಷ್ಟು ಟಾರ್ಚ್ ಸೆಲ್ಲು ಒಯ್ದರೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಸಮವಸ್ತ್ರದವರು ಬಂದಾಗ ಆ ಪುಸ್ತಕ ತೋರಿಸಬೇಕಾಗಿತ್ತು. ಮಗಳ ಮದುವೆಗೆಂದು ಮೂಟೆ ಅಕ್ಕಿ ಕೊಳ್ಳಲು ಬಂದ ಹೆಂಗಸೊಬ್ಬಳು ಸೆರಗಿನೊಳಗಿಂದ ಲಗ್ನಪತ್ರಿಕೆ ತೆಗೆದು ಅಂಗಡಿಯ ಹಲಗೆಯ ಮೇಲಿಟ್ಟಳು. ಯಾರೂ ಅದನ್ನು ಕೇಳಿರಲಿಲ್ಲ. ಕೇಳುತ್ತಾರೆಂದು ಆಕೆಗೆ ಗೊತ್ತಿತ್ತು. ಅಂಗಡಿಯಾತ ಪತ್ರಿಕೆಯ ಅರಿಶಿನ ಹಚ್ಚಿದ ಮೂಲೆಯನ್ನು ಮುಟ್ಟಿ ನೋಡಿ, ವರನ ಊರನ್ನು ಗಟ್ಟಿಯಾಗಿ ಓದಿಕೊಂಡು, ಪುಸ್ತಕದಲ್ಲಿ ಆಕೆಯ ಹೆಸರಿನ ಎದುರು 'ಮದುವೆ' ಎಂದು ಬರೆದ. ರಾತ್ರಿ ಬಂದೂಕು ಹಿಡಿದು ಬಂದವರಿಗೆ ಅನ್ನ ಹಾಕಲೇಬೇಕು, ಬೆಳಿಗ್ಗೆ ಬಂದವರಿಗೆ ಅನ್ನ ಹಾಕಿದ್ದೇಕೆಂದು ಹೇಳಲೇಬೇಕು ಎಂಬ ಸ್ಥಿತಿಯಲ್ಲಿ ಬದುಕಿದವರ ಮುಂದೆ ನಿಂತು, ಸರ್ಕಾರ ಎಚ್ಚರಿಸಿದೆ, ನಂಬಿ, ಎಂದರೆ ಅವರು ನಗದೆ ಇನ್ನೇನು ಮಾಡಿಯಾರು?

ಕುತ್ಲೂರಿನ ಮಲೆಕುಡಿಯ ಸಮುದಾಯದ ಹುಡುಗನೊಬ್ಬ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. 2012ರಲ್ಲಿ ಅವನನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಿದರು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವಿತ್ತು, ಪತ್ರಿಕೆಯ ತುಣುಕುಗಳಿದ್ದವು, ಊರಿಗೆ ಮೂಲಸೌಕರ್ಯ ಸಿಗುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂಬ ಪತ್ರವಿತ್ತು. 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿ, ಭಗತ್ ಸಿಂಗರ ಪುಸ್ತಕ ಇಟ್ಟುಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದು ಹೇಳಿತು. ಅಷ್ಟು ಹೇಳಿಸಿಕೊಳ್ಳಲು ಒಂಬತ್ತು ವರ್ಷ ಹಿಡಿಯಿತು. ಮೇಷ್ಟ್ರೇ, ನಿಮ್ಮ ಶಾಲೆಯ ಗ್ರಂಥಾಲಯದಲ್ಲಿ ಆ ಪುಸ್ತಕ ಇರಲಿಲ್ಲವೇ? ನೀವೇ ಅದನ್ನು ಯಾವುದೋ ಚುರುಕಿನ ಹುಡುಗನ ಕೈಗೆ ಕೊಟ್ಟಿರಲಿಲ್ಲವೇ?

ಅವನೊಬ್ಬನ ದುರದೃಷ್ಟವೆನ್ನುವಂತಿಲ್ಲ. 2016ರಿಂದ 2019ರವರೆಗೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಅಡಿಯಲ್ಲಿ ದೇಶದಾದ್ಯಂತ ಬಂಧಿತರಾದವರು 5,922 ಮಂದಿ, ಅದೇ ಅವಧಿಯಲ್ಲಿ ಶಿಕ್ಷೆಯಾದವರು 132 ಮಂದಿ ಎಂದು ಕೇಂದ್ರ ಗೃಹ ಸಚಿವಾಲಯವೇ 2021ರಲ್ಲಿ ಸಂಸತ್ತಿಗೆ ತಿಳಿಸಿತು. ವಿಚಾರಣೆಗಳು ವರ್ಷಗಟ್ಟಲೆ ನಡೆಯುವುದರಿಂದ ಎರಡೂ ಸಂಖ್ಯೆಗಳನ್ನು ನೇರವಾಗಿ ತಾಳೆ ಹಾಕಲಾಗದು, ನಿಜ. ಆದರೂ ಬಂಧನವಾದ ದಿನ ಪತ್ರಿಕಾಗೋಷ್ಠಿ ಕರೆಯುವ ವ್ಯವಸ್ಥೆಗೆ ಬಿಡುಗಡೆಯಾದ ದಿನ ಒಂದು ಪ್ರಕಟಣೆ ಹೊರಡಿಸಲು ಬಾಯಿ ಬರುವುದಿಲ್ಲ. ನಮ್ಮ ಪತ್ರಿಕೋದ್ಯಮವೂ ಇದರಲ್ಲಿ ಪಾಲುದಾರ. ಬಂಧನದ ಸುದ್ದಿ ಮುಖಪುಟದಲ್ಲಿ ಫೋಟೊ ಸಮೇತ ಬರುತ್ತದೆ, ಶಂಕಿತ ಎಂಬುದು ಎರಡನೇ ದಿನಕ್ಕೆ ಉಗ್ರ ಎಂದಾಗಿರುತ್ತದೆ. ಖುಲಾಸೆಯ ಸುದ್ದಿ ಒಳಪುಟದ ಒಂದು ಕಾಲಂನಲ್ಲಿ, ಅಡಿಕೆ ಧಾರಣೆಯ ಪಕ್ಕದಲ್ಲಿ ಕಾಣಿಸಿಕೊಂಡರೆ ಅದೇ ಭಾಗ್ಯ. ಊರಿನವರು ಎರಡನ್ನೂ ಓದುತ್ತಾರೆಂಬುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ನಿಮ್ಮ ಮಗ ಹೇಳಿದ ಅಮೆರಿಕದ ಮಾತಿಗೆ ಬರುತ್ತೇನೆ. ಅಲ್ಲಿನ ಅಪನಂಬಿಕೆಗೂ ಬೇರುಗಳಿವೆ. ಆಂತರಿಕ ಅಪಾಯದ ಹೆಸರಿನಲ್ಲಿ ಅಲ್ಲಿನ ಎಫ್‌ಬಿಐ 1956ರಿಂದ 1971ರವರೆಗೆ ರಹಸ್ಯ ಕಾರ್ಯಾಚರಣೆ ನಡೆಸಿ, ಮಾರ್ಟಿನ್ ಲೂಥರ್ ಕಿಂಗ್ ಅವರಿಗೇ ಬೆದರಿಕೆಯ ಅನಾಮಧೇಯ ಪತ್ರ ಕಳಿಸಿತ್ತು. ಪೆನ್ಸಿಲ್ವೇನಿಯಾದ ಸಣ್ಣ ಕಚೇರಿಯೊಂದರಿಂದ ಕೆಲವರು ಕಡತಗಳನ್ನು ಕದ್ದು ಪತ್ರಿಕೆಗಳಿಗೆ ಕಳಿಸಿದ್ದರಿಂದ ಅದು ಬಯಲಾಯಿತು. 2001ರ ದಾಳಿಯ ನಂತರ ಐದು ಬಣ್ಣಗಳ ಎಚ್ಚರಿಕೆ ಪದ್ಧತಿ ಬಂತು. 2002ರಿಂದ 2011ರವರೆಗೆ ಅದು ಹಳದಿಗಿಂತ ಕೆಳಗೆ ಇಳಿಯಲೇ ಇಲ್ಲ. ಹಳದಿಯಿದ್ದರೆ ತಾನು ಏನು ಮಾಡಬೇಕು, ಕಿತ್ತಳೆಯಾದರೆ ಏನು ಬಿಡಬೇಕು ಎಂದು ಸಾಮಾನ್ಯನಿಗೆ ತಿಳಿಯಲಿಲ್ಲ, ಕೊನೆಗೆ ಅದನ್ನು ಕೈಬಿಟ್ಟರು. ಮತ್ತೊಂದು ಬಗೆಯ ಕಥೆಯೂ ಅಲ್ಲಿದೆ. 1995ರಲ್ಲಿ ಒಕ್ಲಹೋಮ ನಗರದಲ್ಲಿ 168 ಮಂದಿಯನ್ನು ಕೊಂದವನು ಅವರದೇ ಸೇನೆಯಲ್ಲಿದ್ದ ಯುವಕ. ಅದರ ನೆನಪಿನಲ್ಲಿ, ಬಲಪಂಥೀಯ ಉಗ್ರರು ಮಾಜಿ ಸೈನಿಕರನ್ನು ಸೆಳೆಯಬಹುದೆಂದು 2009ರಲ್ಲಿ ಸರ್ಕಾರದ ಇಲಾಖೆಯೊಂದು ವರದಿ ಬರೆದಾಗ ಎದ್ದ ಗದ್ದಲಕ್ಕೆ ಹೆದರಿ ಆ ವರದಿಯನ್ನೇ ಹಿಂಪಡೆದರು. ನಿಜವಾದ ಎಚ್ಚರಿಕೆಯನ್ನು ಕೂಡ ರಾಜಕೀಯ ನುಂಗಬಲ್ಲದು ಎಂಬ ನಿಮ್ಮ ಭಯಕ್ಕೆ ಇದು ಪುಷ್ಟಿ ಕೊಡುತ್ತದೆ. ಆದರೆ ಅಲ್ಲಿಯೂ ದಾರಿ ತಪ್ಪಿಸಿದವರು ಅಧಿಕಾರದಲ್ಲಿದ್ದವರು, ಅದರ ಸುತ್ತ ಗದ್ದಲ ಎಬ್ಬಿಸಿದವರು.

ಜನ ಎಚ್ಚರಿಕೆಯನ್ನು ನಂಬುವುದೇ ಇಲ್ಲ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ನೋಡಿ. ಮಂಗ ಸತ್ತುಬಿದ್ದ ಜಾಗ ಯಾವುದೆಂದು ಆಶಾ ಕಾರ್ಯಕರ್ತೆ ಮನೆಗೆ ಬಂದು ಹೇಳುತ್ತಾಳೆ. ಆ ಕಡೆ ದರಗು ತರಲು ಹೋಗಬೇಡಿ, ಹೋಗಲೇಬೇಕಾದರೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಜ್ವರ ಬಂದರೆ ಕೂಡಲೇ ತಿಳಿಸಿ ಎನ್ನುತ್ತಾಳೆ. ಯಾವ ಕಾಡು, ಯಾವ ತಿಂಗಳು, ಏನು ಮಾಡಬೇಕು, ಎಲ್ಲವೂ ಅದರಲ್ಲಿದೆ. ಹೇಳುವವಳು ಪರಿಚಿತಳು, ತಪ್ಪಾದರೆ ನಾಳೆ ಅದೇ ಅಂಗಳಕ್ಕೆ ಬರಬೇಕಾದವಳು. ಮಲೆನಾಡಿನವರು ಅವಳ ಮಾತನ್ನು ಕೇಳುತ್ತಾರೆ. ಆದರೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ, ಲಸಿಕೆಯ ಬಗ್ಗೆಯೂ ಸರ್ಕಾರದ ತಡದ ಬಗ್ಗೆಯೂ ಜನ ಸಿಟ್ಟಾದರು. ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು ಮುಂದೆ ಸರ್ಕಾರವೇ ಒಪ್ಪಿ ನಿಲ್ಲಿಸಿತು. ಆ ಒಪ್ಪಿಗೆಯ ನಂತರವೂ ಜನ ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ.

ಈಗ ಹೊಸ ಘಟ್ಟದಲ್ಲಿದ್ದೇವೆ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳ ಮುಂದೆ ಶರಣಾದರು, ಫೆಬ್ರುವರಿಯಲ್ಲಿ ಉಳಿದವರೂ ಬಂದರು, ರಾಜ್ಯ ನಕ್ಸಲ್‌ಮುಕ್ತವೆಂದು ಘೋಷಣೆಯಾಯಿತು. ಅದೇ ಜೂನ್‌ನಲ್ಲಿ ನಕ್ಸಲ್ ನಿಗ್ರಹ ದಳದಿಂದ ಸಿಬ್ಬಂದಿಯನ್ನು ತೆಗೆದುಕೊಂಡು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳ ಕೋಮುಹಿಂಸೆ ತಡೆಗೆ ವಿಶೇಷ ಕಾರ್ಯಪಡೆ ಕಟ್ಟಲಾಯಿತು. ಅದು ಒಳ್ಳೆಯ ಕೆಲಸ ಮಾಡಲಿ. ಆದರೆ ಹಳೆಯ ಪುಸ್ತಕ ಮುಚ್ಚಿ ಹೊಸದನ್ನು ತೆರೆಯುವ ಮೊದಲು ಆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು, ಎಷ್ಟು ಬಿದ್ದುಹೋದವು, ಬಿಡುಗಡೆಯಾದವರ ಕೈಗೆ ಏನು ಕೊಡಲಾಯಿತು, ಕಾಡಂಚಿನ ಭೂಮಿಯ ಪ್ರಶ್ನೆ ಎಲ್ಲಿಗೆ ಬಂತು ಎಂಬುದನ್ನು ಬಿಳಿ ಹಾಳೆಯ ಮೇಲೆ ಬರೆದು ನಮ್ಮ ಮುಂದಿಡಬೇಕಿತ್ತು. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿಯ ಜನರಿಗೆ ಅದನ್ನು ಕೇಳುವ ಹಕ್ಕಿದೆ.

ಕೊನೆಯದಾಗಿ ನಿಮ್ಮ ಪಟ್ಟಿ. ಒಂಟಿಯಾಗಿ ಕೂರುವುದು, ಮೊಬೈಲು ಬಿಡದಿರುವುದು, ದೇವರ ಕಾರ್ಯದಲ್ಲಿ ಹಠಾತ್ ಆಸಕ್ತಿ, ಸರ್ಕಾರವನ್ನು ಬೈಯುವುದು. ನೀವು ಪಾಠ ಮಾಡಿದ ಯಾವ ತರಗತಿಯಲ್ಲಿ ಇಂಥ ಮಕ್ಕಳು ಇರಲಿಲ್ಲ? ಬ್ರಿಟನ್ನಿನಲ್ಲಿ 2015ರಿಂದ ಉಗ್ರವಾದದತ್ತ ವಾಲುವ ಮಕ್ಕಳ ಮೇಲೆ ಕಣ್ಣಿಡುವುದು ಶಾಲೆಗಳಿಗೆ ಕಾನೂನಿನ ಕರ್ತವ್ಯ. 2022-23ರ ಒಂದೇ ವರ್ಷ ಶಾಲೆ, ಪೊಲೀಸ್ ಮೊದಲಾದ ಎಲ್ಲ ಕಡೆಗಳಿಂದ 6,817 ಮಂದಿಯ ಹೆಸರು ಸರ್ಕಾರಕ್ಕೆ ಹೋಯಿತು, ಅದರಲ್ಲಿ ಮುಂದಿನ ನೆರವಿಗೆ ತೆಗೆದುಕೊಂಡದ್ದು 645 ಮಂದಿಯನ್ನು. ಉಳಿದ ಸಾವಿರಾರು ಮನೆಗಳಲ್ಲಿ ಹೆಸರು ಕೊಟ್ಟವರ ಮೇಲೆ ಯಾವ ಭಾವನೆ ಉಳಿಯಿತೋ ಯೋಚಿಸಿ. ಆದರೂ ಆ ಸರ್ಕಾರದ ಒಂದು ನಡೆಯನ್ನು ಮೆಚ್ಚುತ್ತೇನೆ: ಆ ಅಂಕಿಗಳನ್ನು ಅದು ವರ್ಷವರ್ಷ ತಾನೇ ಪ್ರಕಟಿಸುತ್ತದೆ. 2024ರಲ್ಲಿ ಸೌತ್‌ಪೋರ್ಟ್‌ನಲ್ಲಿ ಪುಟ್ಟ ಮಕ್ಕಳನ್ನು ಕೊಂದವನ ಹೆಸರು ಮೂರು ಬಾರಿ ತಮ್ಮ ಬಳಿ ಬಂದು ಹೋಗಿತ್ತೆಂಬುದನ್ನೂ ಮುಚ್ಚಿಡದೆ ಪರಿಶೀಲನಾ ವರದಿ ಹೊರತಂದಿತು.

ಆದ್ದರಿಂದ ನಿಮ್ಮ ಪಟ್ಟಿಯನ್ನು ಪ್ರಕಟಿಸುತ್ತಿಲ್ಲ. ಬದಲಿಗೆ ನಿಮ್ಮಿಂದ ಒಂದು ಕೆಲಸವಾಗಬೇಕು. ನಿಮ್ಮ ತಾಲ್ಲೂಕಿನಲ್ಲಿ ಇಂಥ ಆರೋಪದ ಮೇಲೆ ಬಂಧಿತರಾಗಿ, ನ್ಯಾಯಾಲಯದಿಂದ ಬಿಡುಗಡೆಯಾಗಿ ಬಂದವರು ಯಾರಾದರೂ ಇದ್ದರೆ, ಅವರ ಒಪ್ಪಿಗೆ ಪಡೆದು ತೀರ್ಪಿನ ಪ್ರತಿಯನ್ನು ಕಳಿಸಿಕೊಡಿ. ಹಾಗೆಯೇ ಶಿಕ್ಷೆಯಾದವರ ತೀರ್ಪಿದ್ದರೆ ಅದನ್ನೂ ಕಳಿಸಿ. ಎರಡನ್ನೂ ಒಂದೇ ಪುಟದಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ, ನೀವು ಕೇಳಿದ ಅದೇ ಚೌಕಟ್ಟಿನೊಳಗೆ ಅಚ್ಚು ಹಾಕುತ್ತೇವೆ.