ಸಿಂಧನೂರಿನ ಬಿಸಿಲು, ಬೋರ್ ನೀರು, ಒಂದೂವರೆ ಅಡಿ ಟ್ಯಾಂಕು: ಯಾವ ಮೀನು ಹಾಕಬೇಕು?

ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು ತಂದೀರಿ, ಮನ್ಯಾಗ ಇರೋದು ಬೋರ್ ನೀರು, ಅಂಗಡ್ಯಾಗ ಎರಡು ಗೋಲ್ಡ್ ಫಿಶ್, ಹತ್ತು ನಿಯಾನ್ ಟೆಟ್ರಾ, ಕೆಳಗ ಸ್ವಚ್ಛ ಮಾಡ್ಲಿಕ್ಕೆ ಒಂದು ಸಕ್ಕರ್ ಒಯ್ರಿ ಅಂದಾರ, ತರಲೋ ಬ್ಯಾಡೋ ಅಂತ ಕೇಳೀರಿ. ಆ ಮೂರರಾಗ ಒಂದೂ ತರಬ್ಯಾಡ್ರಿ. ಗಂಡು ಗಪ್ಪಿ ಆರು ತರ್ರಿ, ಅಷ್ಟ ಸಾಕು. ನಾನೂ ರಾಯಚೂರಿನವನೇ, ನಮ್ಮ ಮನ್ಯಾಗೂ ಬೋರ್ ನೀರೇ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ.

ಬೆಂಗಳೂರಿನವರು ಹಾಕೋ ವಿಡಿಯೋ ನೋಡಿ ಮೀನು ಆರಿಸಿದ್ರ ನಮ್ಮ ಕಡಿ ನಡೆಯಂಗಿಲ್ಲ. ಅಲ್ಲಿ ಹೀಟರ್ ಹಚ್ಚೋ ಮಾತಾಡ್ತಾರ, ನಮಗ ಏಪ್ರಿಲ್ ಮೇ ತಿಂಗಳದಾಗ ಹೊರಗ 42 ಡಿಗ್ರಿ, ಟ್ಯಾಂಕಿನ ನೀರು ತಣ್ಣಗಿಡೋದೇ ದೊಡ್ಡ ಕೆಲಸ. ನೀರು ಕಾದಂಗೆಲ್ಲ ಅದರಾಗಿನ ಆಕ್ಸಿಜನ್ ಕಮ್ಮಿ ಆಗ್ತದ, 20 ಡಿಗ್ರಿ ನೀರಿನ್ಯಾಗ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದ್ರ 35 ಡಿಗ್ರಿ ನೀರಿನ್ಯಾಗ 7ರ ಹತ್ರ ಬಂದು ನಿಲ್ತದ, ಆದ್ರ ಅದೇ ಬಿಸಿಗೆ ಮೀನಿಗೆ ಆಕ್ಸಿಜನ್ ಇನ್ನೂ ಜಾಸ್ತಿ ಬೇಕಾಗ್ತದ. ಮಧ್ಯಾಹ್ನ ಕರೆಂಟ್ ಹೋಗಿ ಗಾಳಿ ಪಂಪ್ ನಿಂತ್ರ ಮೀನು ತುಂಬಿ ತುಳುಕೋ ಟ್ಯಾಂಕಿನ್ಯಾಗ ಅವು ಮ್ಯಾಲೆ ಬಂದು ಬಾಯಿ ಬಿಡೋದು ಇದಕ್ಕೇ.

ಗೋಲ್ಡ್ ಫಿಶ್ ತಂಪು ನೀರಿನ ಮೀನು, ಮ್ಯಾಲೆ ಅದು ಒಂದು ಗೇಣು ಬೆಳೆಯೋ ಮೀನು, ಹೊಲಸೂ ಭಾಳ ಮಾಡ್ತದ. ನಿಮ್ಮ ಟ್ಯಾಂಕು ಲೆಕ್ಕಕ್ಕ 42 ಲೀಟರ್ ಆದ್ರೂ ಕಲ್ಲು ಹಾಕಿ ಮ್ಯಾಲೆ ಜಾಗ ಬಿಟ್ರ ನೀರು ಹಿಡಿಯೋದು 35 ಲೀಟರಿನಷ್ಟು, ಅದರಾಗ ಎರಡು ಗೋಲ್ಡ್ ಫಿಶ್ ಅಂದ್ರ ಅವಕ್ಕ ಶಿಕ್ಷೆ. ನಿಯಾನ್ ಟೆಟ್ರಾ ಅಮೆಜಾನ್ ಕಡಿ ಮೆದು ನೀರಿನದು, ನಮ್ಮ ಬೋರ್ ನೀರು ಕೊಡದ ತಳದಾಗ ಬೆಳ್ಳಗ ಉಪ್ಪು ಕೂಡ್ರಸೋ ಗಡಸು ನೀರು, ಎರಡಕ್ಕೂ ಆಗಿ ಬರಂಗಿಲ್ಲ. ಸಕ್ಕರ್ ಅಂತೂ ಸಣ್ಣದಿದ್ದಾಗ ಎರಡು ಇಂಚು, ಬೆಳೆದ್ರ ಒಂದಡಿ ದಾಟ್ತದ, ನಿಮ್ಮ ಟ್ಯಾಂಕಿನ್ಯಾಗ ತಿರುಗ್ಲಿಕ್ಕೂ ಬರಂಗಿಲ್ಲ. ಸ್ವಚ್ಛ ಮಾಡ್ತದ ಅನ್ನೋದೂ ಅಷ್ಟರಾಗ ಅದ, ಪಾಚಿ ಒಂಚೂರು ತಿಂತದ ಖರೆ, ಹೊಲಸು ಅದಕ್ಕಿಂತ ಜಾಸ್ತಿ ಹಾಕ್ತದ. ಶಾರ್ಕ್ ಅಂತ ತೋರಿಸ್ತಾರಲ್ಲ, ಅದನ್ನೂ ಬ್ಯಾಡ ಅನ್ರಿ, ಅದು ಆಂಧ್ರದ ಕೆರ್ಯಾಗ ಊಟಕ್ಕ ಸಾಕೋ ಪಂಗಾಸಿಯಸ್ ಮೀನಿನ ಮರಿ.

ಇನ್ನ ಗಪ್ಪಿ. ಗಡಸು ನೀರು ಅದಕ್ಕ ಸೇರ್ತದ, ಬಿಸಿನೂ ಉಳಿದವಕ್ಕಿಂತ ಚಲೋ ತಡೀತದ, 32 ದಾಟಿದ್ರ ಮಾತ್ರ ಅದಕ್ಕೂ ಕಷ್ಟ. ಗಂಡು ಅಷ್ಟ ತರ್ರಿ ಅಂತ ಒತ್ತಿ ಹೇಳ್ಲಿಕ್ಕೆ ಕಾರಣ ಅದ: ಹೆಣ್ಣು ಗಪ್ಪಿ ಒಮ್ಮೆ ಗಂಡಿನ ಜೊತಿ ಇದ್ರ ಸಾಕು, ಆಮ್ಯಾಲೆ ಗಂಡು ಇಲ್ಲದೇನೂ ತಿಂಗಳಿಗೊಮ್ಮೆ ಅಂತ ಕೆಲವು ತಿಂಗಳು ಮರಿ ಹಾಕ್ತಾನೇ ಇರ್ತದ, ಸಣ್ಣ ಟ್ಯಾಂಕು ನೋಡ್ತಾ ನೋಡ್ತಾ ತುಂಬಿ ಹೋಗ್ತದ. ಗಂಡು ಸಣ್ಣಗ ಬಣ್ಣದ್ದು, ಬಾಲ ದೊಡ್ಡದು, ಹೊಟ್ಟಿ ಕೆಳಗ ಕಡ್ಡಿಯಂಥ ರೆಕ್ಕಿ ಇರ್ತದ. ಹೆಣ್ಣು ದಪ್ಪ, ಬಣ್ಣ ಕಮ್ಮಿ. ನೀವೇ ನಿಂತು ನೋಡಿ ಹಿಡಿಸ್ರಿ. ಗಪ್ಪಿ ಮನಸ್ಸಿಗೆ ಬರಲಿಲ್ಲ ಅಂದ್ರ ಒಂದೇ ಒಂದು ಬೆಟ್ಟಾ ಇಡ್ರಿ, ಅಂಗಡ್ಯಾಗ ಫೈಟರ್ ಅಂತಾರ. ಅದು ನೀರಿನ ಮ್ಯಾಲೆ ಬಂದು ಗಾಳಿನೇ ಉಸಿರಾಡ್ತದ, ಹಂಗಾಗಿ ಕರೆಂಟ್ ಹೋದಾಗ ಅಷ್ಟು ಒದ್ದಾಡಂಗಿಲ್ಲ. ಎರಡೂ ಒಂದೇ ಟ್ಯಾಂಕಿನ್ಯಾಗ ಮಾತ್ರ ಬ್ಯಾಡ, ಬೆಟ್ಟಾ ಗಪ್ಪಿಯ ಬಾಲ ಕಚ್ಚಿ ಹರೀತದ.

ಮೀನು ಇವತ್ತೇ ತರಬ್ಯಾಡ್ರಿ, ಇದು ಎಲ್ಲಾದಕ್ಕಿಂತ ಮುಖ್ಯ. ಮೀನಿನ ಹೊಲಸಿನಿಂದ ಅಮೋನಿಯಾ ಬರ್ತದ, ಅದನ್ನ ಒಂದು ಜಾತಿ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡ್ತಾವ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತಾವ, ನೈಟ್ರೇಟ್ ಆದ್ರ ಅಷ್ಟು ತ್ರಾಸಿಲ್ಲ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನ್ಯಾಗ ಬೆಳೀಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ನಮ್ಮಂಥ ಬಿಸಿ, ಕ್ಷಾರದ ನೀರಿನ್ಯಾಗ ಅಮೋನಿಯಾದ ವಿಷ ಇನ್ನೂ ಜೋರು, ಹಂಗಾಗಿ ಈ ಕಾಯೋದ್ರಾಗ ನಾವು ಅವಸರ ಮಾಡಬಾರದು. ಸ್ಪಂಜ್ ಫಿಲ್ಟರ್ ಹಾಕಿ ನೀರು ಓಡಸ್ರಿ, ಮೀನು ಇಲ್ಲದಿದ್ರೂ ದಿನಾ ಚಿಟಿಕಿ ಫುಡ್ ಹಾಕ್ರಿ, ಅದು ಕೊಳೆತು ಬರೋ ಅಮೋನಿಯಾನೇ ಬ್ಯಾಕ್ಟೀರಿಯಾಕ್ಕ ಊಟ, ಆರೋಗ್ಯವಾಗಿರೋ ಮೀನಿರೋ ಗೆಳೆಯರ ಹಳೇ ಸ್ಪಂಜಿನ ತುಂಡು ಸಿಕ್ರ ಲಗೂನ ಆಗ್ತದ. ಆಮ್ಯಾಲೆ ಆ ಸ್ಪಂಜನ್ನ ನಳದ ಕೆಳಗ ಹಿಡಿದು ತೊಳೀಬ್ಯಾಡ್ರಿ, ಟ್ಯಾಂಕಿನಿಂದ ತೆಗೆದ ನೀರಿನ್ಯಾಗೇ ಹಿಂಡ್ರಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿ ಮಾಡ್ರಿ. ನಳದ ನೀರು ಹಾಕೋದಿದ್ರ ಕ್ಲೋರಿನ್ ಹೋಗ್ಲಿಕ್ಕೆ ಒಂದು ದಿನ ಬಕೆಟಿನ್ಯಾಗ ತೆರೆದಿಟ್ಟು ಹಾಕ್ರಿ. ಕಾಲುವಿ ನೀರು ಚಲೋ ಅದ ಅಂತ ಯಾರರೆ ಹೇಳಿದ್ರ ಕೇಳಬ್ಯಾಡ್ರಿ, ಸುತ್ತ ಭತ್ತದ ಗದ್ದಿ, ಹುಳಕ್ಕ ಹೊಡೆದ ಎಣ್ಣಿ ಎಲ್ಲಾ ಅದರಾಗ ಸೇರಿರ್ತದ. ಅದೇ ಕಾರಣಕ್ಕ ಟ್ಯಾಂಕು ಇರೋ ಖೋಲ್ಯಾಗ ಸೊಳ್ಳಿ ಲಿಕ್ವಿಡ್ ಮಷೀನು, ಸ್ಪ್ರೇ ಹಚ್ಚಬ್ಯಾಡ್ರಿ, ಅದರಾಗಿನ ಔಷಧ ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಟ್ಟು ವಿಷ. ನಮ್ಮ ಕಡಿ ಸಂಜಿ ಆದ್ರ ಎಲ್ಲಾರ ಮನ್ಯಾಗೂ ಅದು ಉರೀತಿರ್ತದ, ಯಾಕ ಮೀನು ಸತ್ತವು ಅಂತ ತಿಳಿಯಂಗೇ ಇಲ್ಲ.

ಬ್ಯಾಸಿಗ್ಯಾಗ ಸಣ್ಣ ಟೇಬಲ್ ಫ್ಯಾನ್ ನೀರಿನ ಮ್ಯಾಲೆ ಬೀಸೋ ಹಂಗ ಇಡ್ರಿ, ನಮ್ಮದು ಒಣ ಹವಾ ನೋಡ್ರಿ, ನೀರು ಆವಿ ಆಗಿ ಆರಿ ಎರಡು ಮೂರು ಡಿಗ್ರಿ ಆರಾಮ ಇಳೀತದ. ಮ್ಯಾಲೆ ಜಾಳಿಗಿ ಮುಚ್ಚಳ ಇರ್ಲಿ, ಗಪ್ಪಿ ಜಿಗೀತಾವ. ಹಿಂಗ ಆರಿದಷ್ಟಕ್ಕ ಮತ್ತ ಬೋರ್ ನೀರು ಹಾಕಿದ್ರ ಉಪ್ಪು ಅಲ್ಲೇ ಉಳಿದು ಗಟ್ಟಿ ಆಗ್ತಾ ಹೋಗ್ತದ, ಅದಕ್ಕ ಆರ್‌ಓ ನೀರು, ಅಂದ್ರ ಉಪ್ಪು ಸೋಸಿ ತೆಗೆದ ಫಿಲ್ಟರ್ ನೀರು ಹಾಕ್ರಿ. ಬರೇ ಆರ್‌ಓ ನೀರಿನ್ಯಾಗೇ ಮೀನು ಇಡೋದು ಮಾತ್ರ ಬ್ಯಾಡ.

ಸಾಕಾಗಿ ಬಿಡಬೇಕು ಅನಿಸಿದ್ರ ಅಂಗಡಿಗೇ ವಾಪಸ್ ಕೊಡ್ರಿ, ಇಲ್ಲಾ ಸಾಕೋರಿಗೆ ಕೊಡ್ರಿ, ಕಾಲುವಿಗೆ ಹೊಳಿಗೆ ಬಿಡಬ್ಯಾಡ್ರಿ. ಹಂಗ ಬಿಟ್ಟ ಸಕ್ಕರ್ ಆಂಧ್ರ, ಕೇರಳದ ನೀರಿನ್ಯಾಗ ಹರಡಿ ಮೀನುಗಾರರ ಬಲಿ ಹರೀತಾವ, ತುಂಗಭದ್ರಾಕ್ಕ ಆ ಗತಿ ಬರೋದು ಬ್ಯಾಡ.

ನಿಮ್ಮ ಮನಿಗೆ ಕುಡಿಯೋ ನೀರಿನ ಫಿಲ್ಟರ್ ರಿಪೇರಿಗೆ ಬರೋ ಹುಡುಗನ ಹತ್ರ ಟಿಡಿಎಸ್ ಮೀಟರ್, ಅಂದ್ರ ನೀರಿನ್ಯಾಗ ಕರಗಿದ ಉಪ್ಪು ಅಳೆಯೋ ಮೀಟರ್ ಇರ್ತದ, ಬೋರ್ ನೀರು ಒಮ್ಮೆ ಅಳೆಸಿ ಎಷ್ಟು ಬಂತು ಹೇಳ್ರಿ. ಭಾಳ ಜಾಸ್ತಿ ಬಂದ್ರ ಎಷ್ಟು ಆರ್‌ಓ ಬೆರೆಸಬೇಕು ಅಂತ ಲೆಕ್ಕ ಮಾಡಿ ಹೇಳ್ತೀನಿ.