ಎರೆ ಹೊಲದಲ್ಲಿ ಪರ್ಮಾಕಲ್ಚರ್: ಜೆಸಿಬಿ ಕರೆಸುವ ಮೊದಲು

ಅಣ್ಣಾರೆ, ಸಿಂದಗಿ ಹತ್ತಿರ ನಾಲ್ಕು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ ಇದೆ, ಪರ್ಮಾಕಲ್ಚರ್ ವಿಡಿಯೋ ನೋಡಿ ಸಮಪಾತಳಿ ಕಾಲುವೆ (ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ತೋಡಿ, ಕೆಳಬದಿಗೆ ಮಣ್ಣಿನ ಒಡ್ಡು ಹಾಕೋದು) ತೋಡಿಸಲು ಜೆಸಿಬಿಗೆ ಹೇಳಿದ್ದೇನೆ ಅಂತ ಬರೆದಿದ್ದೀರಿ. ಜೊತೆಗೆ, ಈ ಪರ್ಮಾಕಲ್ಚರ್ ನೀತಿ-ಗೀತಿ ಎಲ್ಲಾ ಓದಲೇಬೇಕಾ ಅಂತಾನೂ ಕೇಳಿದ್ದೀರಿ. ಜೆಸಿಬಿ ಸದ್ಯಕ್ಕೆ ಬೇಡ. ನೀತಿ ಮಾತ್ರ ಬೇಕು, ಯಾಕಂದ್ರೆ ಯಾವ ಗಿಡ ಎಲ್ಲಿ ಅನ್ನೋದನ್ನೂ ಅದೇ ಹೇಳುತ್ತದೆ.

1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಕೂಡಿ ಪರ್ಮಾಕಲ್ಚರ್, ಅಂದರೆ ಪ್ರಕೃತಿಯನ್ನು ನೋಡಿ ಹೊಲ-ಮನೆ ಜೋಡಿಸಿಕೊಳ್ಳುವ ವಿಚಾರ, ಕಟ್ಟಿದರು. ನೀತಿ ಮೂರೇ. ಭೂಮಿಯನ್ನು ನೋಡಿಕೊಳ್ಳೋದು, ಮನುಷ್ಯರನ್ನು ನೋಡಿಕೊಳ್ಳೋದು, ಮಿತಿಯಲ್ಲಿದ್ದು ಹೆಚ್ಚಾದದ್ದನ್ನು ಹಂಚೋದು. ಆಮೇಲೆ ಹೋಮ್‌ಗ್ರೆನ್ 12 ತತ್ವಗಳನ್ನು ಹೇಳಿದರು. ಮೊದಲು ಗಮನಿಸಿ, ನಂತರ ಕೈ ಹಾಕಿ ಅನ್ನೋದೇ ಅದರಲ್ಲಿ ಮೊದಲನೆಯದು. ವಿಡಿಯೋದವರು ಹಾರಿಸೋದೂ ಇದನ್ನೇ.

ಆ ಕಾಲುವೆ, ನೀರು ಬೇಗ ಇಂಗುವ ಮಣ್ಣಿಗೆ ಸರಿ. ನಮ್ಮ ಎರೆ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮೊದಲ ಮಳೆ ಅದರೊಳಗೆ ಹೋಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗೋದು ಬಹಳ ನಿಧಾನ. ಕಾಲುವೆಯಲ್ಲಿ ನೀರು ನಿಂತೇ ಇರುತ್ತದೆ, ಒಣಗಿದಾಗ ಒಡ್ಡು ಸೀಳುತ್ತದೆ, ಮುಂದಿನ ದೊಡ್ಡ ಮಳೆಗೆ ಅಲ್ಲೇ ಒಡೆಯುತ್ತದೆ.

ಇದಕ್ಕೇ ಅಲ್ವಾ ನಮ್ಮ ಕಡೆ ಚೌಕು ಮಡಿ, ಅಂದರೆ ಸುತ್ತ ಸಣ್ಣ ಬದು ಹಾಕಿದ ಚೌಕಗಳು, ಇರೋದು? ಮುಂಗಾರಿನಲ್ಲಿ ಹೊಲ ಖಾಲಿ ಇರುವಾಗ ಮಡಿ ಕಟ್ಟಿಬಿಡಿ. ಇಳಿಜಾರು ಜಾಸ್ತಿ ಇದ್ದ ಕಡೆ ಮಡಿ ಚಿಕ್ಕದಿರಲಿ. ಒಂದು ಎಕರೆಗೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಅದು ಬಿದ್ದಲ್ಲೇ ನಿಂತರೆ ಹಿಂಗಾರಿ ಬಿಳಿಜೋಳಕ್ಕೆ ಅದೇ ಆಧಾರ. ಮಿಕ್ಕ ನೀರು ಹೊರಗೆ ಹೋಗಲು ಒಂದು ಕಡೆ ಕಲ್ಲು ಹಾಸಿ ಕೋಡಿ ಬಿಡಿ, ಕೆಳಗಿನ ಹೊಲದವರ ಬದು ಕೊಚ್ಚಿ ಹೋಗಬಾರದು. ಹಂಚೋದು ಅಂದರೆ ಅವರ ಹೊಲಕ್ಕೆ ಪ್ರವಾಹ ಬಿಡೋದಲ್ಲ!

ಈಗ ಗಿಡ. ಹಿಂಗಾರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ. ದಕ್ಷಿಣದ ಬದುವಿನಲ್ಲಿ ಬೇವು ಬೆಳೆಸಿದರೆ ನಿಮ್ಮ ಜೋಳವೇ ಸೊರಗುತ್ತದೆ. ಉತ್ತರದ ಬದುವಿಗೆ ಹಚ್ಚಿ ಅಂತ ಪುಸ್ತಕದ ಲೆಕ್ಕ ಹೇಳುತ್ತದೆ. ಆದರೆ ಆಚೆ ಇರೋದು ಯಾರ ಹೊಲ? ಚಕ್ಕಡಿ ದಾರಿ ಇದ್ದರೆ ಧಾರಾಳವಾಗಿ ಹಚ್ಚಿ. ಪಕ್ಕದವರ ಜೋಳ ಇದ್ದರೆ ದೊಡ್ಡ ಗಿಡ ಬೇಡ, ಗ್ಲಿರಿಸಿಡಿಯಾ ಹಚ್ಚಿ ಆಗಾಗ ಸವರಿ. ಸೊಪ್ಪು ಗೊಬ್ಬರಕ್ಕಾಗುತ್ತದೆ, ಜಗಳವೂ ತಪ್ಪುತ್ತದೆ.

ವಿಡಿಯೋದವರು ನೆಲ ಮುಚ್ಚಿಡಿ ಅಂದರು ಅಂತ ಜೋಳದ ಕಣಿಕೆ (ಒಣ ದಂಟು) ಹಾಸಬೇಡಿ. ಎತ್ತು, ಎಮ್ಮೆ ಏನು ತಿನ್ನಬೇಕು? ಸೂರ್ಯಕಾಂತಿ ದಂಟು, ಉದುರಿದ ಎಲೆ, ಸವರಿದ ಸೊಪ್ಪು ಸಾಕು. ತೊಗರಿ ಕಟ್ಟಿಗೆ ಒಲೆಗೆ ಬೇಕಾ ಅಂತ ಮನೆಯಲ್ಲಿ ಕೇಳಿಕೊಂಡು ಮುಟ್ಟಿ.

ಒಂದು ವಸ್ತು ಹಲವು ಕೆಲಸ ಮಾಡಬೇಕು ಅನ್ನೋ ತತ್ವಕ್ಕೆ ಹೊಸದೇನೂ ತರಬೇಕಿಲ್ಲ. ಕಡಲೆ ಹೊಲದ ಅಂಚಿಗೆ ನಾಲ್ಕು ಸಾಲು ಕುಸುಬಿ ಬಿತ್ತಿ. ಎಳೆಯದಿದ್ದಾಗ ಚಿವುಟಿ ಪಲ್ಯ ಮಾಡಬಹುದು. ಬಲಿತ ಮೇಲೆ ಮುಳ್ಳಿಗೆ ಹೆದರಿ ದನ ಒಳಗೆ ಬರೋದಿಲ್ಲ. ಕೊನೆಗೆ ಕಾಳು ಗಾಣಕ್ಕೆ. ಬೇರು ಆಳಕ್ಕೆ ಹೋಗುವುದರಿಂದ ಕೆಳಗಿನ ಹಸಿಯಲ್ಲೇ ಬದುಕುತ್ತದೆ.

ಮನೆ ಹತ್ತಿರ ದಿನಾ ಕೈ ತಾಗುವಂಥದ್ದು: ಬಚ್ಚಲ ನೀರಿಗೆ ನುಗ್ಗೆ, ಕರಿಬೇವು, ಒಂದೆರಡು ಮಡಿ ತರಕಾರಿ. ಹಣ್ಣಿನ ಗಿಡ ಮೊದಲ ವರ್ಷ ಎಷ್ಟು ಅನ್ನೋದನ್ನ ಬೇಸಿಗೆಯಲ್ಲಿ ನಿಮ್ಮ ಬೋರ್ ಕೊಡುವ ನೀರು ನೋಡಿ ತೀರ್ಮಾನಿಸಿ, ಮಳೆಗಾಲದ ನೀರು ನೋಡಿ ಅಲ್ಲ.

ಈ ಸಲ ದೊಡ್ಡ ಮಳೆ ಬಂದಾಗ ಕೊಡೆ ಹಿಡಿದು ಹೊಲಕ್ಕೆ ಹೋಗಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಬದು ಒಡೆದು ಹೊರಗೆ ಹೋಗುತ್ತದೆ, ಅಲ್ಲೆಲ್ಲ ಗೂಟ ಹೊಡೆದು ಫೋಟೋ ತೆಗೆದು ಇಲ್ಲಿ ಹಾಕಿ. ಕೋಡಿ ಎಲ್ಲಿ ಅಂತ ನೋಡಿ ಹೇಳ್ತೇನೆ.